ಬುಡ ಮೇಲಾಗಿ ನಿಂತ ನಾಲ್ಕು ಕಂಬ

ಈಗೀಗ ಶನಿವಾರ ಬಂತೆಂದರೆ ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಮನೆಯ ಗರಾಜಿಗೆ ಇಬ್ಬರು ಮೂವರು ಇಂಜಿನಿಯರುಗಳು ಬರುತ್ತಾರೆ. ಕಂಪನಿಯವರು ಕೆಲಸದಿಂದ ತೆಗೆದ ಮೇಲೆ ಅವರಿಗೆ ಮರದ ಮೇಲೆ ಪ್ರೀತಿ ಹುಟ್ಟಿದೆ. “ಅಂಕಲ್, ಕೈಯಿಂದ ಏನಾದ್ರೂ ಮಾಡ್ಬೇಕು ಅನ್ಸುತ್ತೆ” ಎನ್ನುತ್ತಾರೆ. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ನನಗೆ ಹಾಗೆ ಯಾವತ್ತೂ ಅನಿಸಿದ್ದಿಲ್ಲ. ಕೈಯಿಂದ ಮಾಡದೆ ಗತಿ ಇರಲಿಲ್ಲ, ಅದಕ್ಕೆ ಮಾಡಿದೆ. ಆದರೂ ಉಳಿ ಹಿಡಿಯಲಿಕ್ಕೆ ಬರದವರು ಇಷ್ಟು ಭಕ್ತಿಯಿಂದ ಕೇಳುವಾಗ ಸಂತೋಷವೇ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಕೆಲಸದಲ್ಲಿ ಕಂಡದ್ದನ್ನು ಬರೆದುಕೊಡಿ ಎಂದು ಅವರೇ ಗಂಟುಬಿದ್ದರು. ಬರೆದಿದ್ದೇನೆ. ಯಾವ ಗರಗಸ ಕೊಳ್ಳಬೇಕು ಎಂಬುದು ಇದರಲ್ಲಿ ಇಲ್ಲ.

ನನ್ನ ಹೆಸರು ಮೌನೇಶ ಬಡಿಗೇರ. ಗದಗದ ಕಡೆಯವನು. ಅಪ್ಪ ಬಡಿಗ, ಅಜ್ಜ ಬಡಿಗ, ಅಜ್ಜನ ಅಪ್ಪ ಮತ್ತೇನಿರಲು ಸಾಧ್ಯ. ಹೆಂಡತಿ ಸುವರ್ಣಾ ನರ್ಸ್. ಅವಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅವಳ ವೀಸಾದ ಬಾಲ ಹಿಡಿದುಕೊಂಡು ನಾನು ಬಂದೆ. ಬಂದ ಮೊದಲ ವರ್ಷ ಮನೆಯಲ್ಲಿ ರೊಟ್ಟಿ ಬಡಿದೆ. ಎರಡನೆಯ ವರ್ಷ ಊರಿನ ಉತ್ತರಕ್ಕೆ ಹೊಲಗಳು ಶುರುವಾಗುವ ಕಡೆ ಒಂದು ಅಂಗಳದಲ್ಲಿ ಹಳೆಯ ತೊಲೆಗಳನ್ನು ಒಟ್ಟಿದ್ದು ಕಂಡು, ಕಾರು ನಿಲ್ಲಿಸಿ ಒಳಗೆ ಹೋದೆ. ಅದು ರೇ ಎಂಬುವನ ಅಂಗಳ. ಅವನು ಹಳ್ಳಿಗಳಲ್ಲಿ ಹಳೆಯ ಬಾರ್ನ್‌ಗಳನ್ನು ಬಿಚ್ಚಿ ಮಾರುತ್ತಿದ್ದ. ಬಾರ್ನ್ ಎಂದರೆ ದನ, ಹುಲ್ಲು, ಕಾಳು, ಗಾಡಿ ಎಲ್ಲವೂ ಒಂದೇ ಸೂರಿನಡಿ ಇರುವ ದೊಡ್ಡ ಕೊಟ್ಟಿಗೆ. ನಮ್ಮಲ್ಲಿ ದೇವಸ್ಥಾನಕ್ಕೂ ಅಷ್ಟು ಮರ ಹಾಕುವುದಿಲ್ಲ.

ರೇ ನನ್ನ ಶಿಕ್ಷಣ ಕೇಳಲಿಲ್ಲ. ಎರಡು ತೊಲೆ ಕೂಡಿಸಿ ಮರದ ಆಣಿ ಹೊಡೆದ ಒಂದು ಜೋಡಣೆ ತೋರಿಸಿ, ಬಿಚ್ಚು ಎಂದ. ನಾನು ಮರದ ಸುತ್ತಿಗೆ, ಎಂದರೆ ಕೊಡತಿ, ಮುಟ್ಟದೆ ಐದು ನಿಮಿಷ ಸುತ್ತಿ ನೋಡಿದೆ. ಆಣಿಗೆ ಒಂದು ಕಡೆ ಸಣ್ಣ ಮೂತಿ ಇರುತ್ತದೆ, ಆ ಕಡೆಯಿಂದ ಹೊಡೆದರೆ ತಾನಾಗಿ ಹೊರಗೆ ಬರುತ್ತದೆ. ಎರಡು ಪೆಟ್ಟಿಗೆ ಬಂತು. “ಸೋಮವಾರ ಬಾ” ಅಂದ. ನನ್ನ ಹೆಸರು ಅವನ ಬಾಯಲ್ಲಿ ಮೋ ಆಯಿತು. ಇಪ್ಪತ್ತೆರಡು ವರ್ಷ ಮೋ ಆಗಿಯೇ ಇದ್ದೆ.

ಕನ್ನಡದವರ ಹಬ್ಬದ ಊಟಗಳಲ್ಲಿ ಗಂಡಸರು ತಟ್ಟೆ ಹಿಡಿದು ನಿಂತು ಕೇಳುವ ಮೊದಲ ಪ್ರಶ್ನೆ, “ನಿಮ್ದು ಯಾವ ಕಂಪನಿ?”

“ದನದ ಕೊಟ್ಟಿಗಿ ಕೆಡವೂ ಕಂಪನಿ.”

ಜೋಕು ಎಂದುಕೊಂಡು ನಗುತ್ತಿದ್ದರು. ನಿಜ ಎಂದು ತಿಳಿದ ಮೇಲೆ ಇನ್ನೊಂದು ಸ್ವಲ್ಪ ಪಲ್ಯ ಹಾಕಿಸಿಕೊಳ್ಳಲು ಹೋಗುತ್ತಿದ್ದರು. ಆದರೆ ಕೆಲವರು ಮರಳಿ ಬಂದರು. ಡೆಟ್ರಾಯಿಟ್ ಹತ್ತಿರದ ನೋವೈ ಊರಲ್ಲಿ ಹೊಸ ಮನೆ ಕಟ್ಟಿಸಿದ ಬಾಗಲಕೋಟೆಯ ಒಬ್ಬ ಇಂಜಿನಿಯರು ಟಿವಿಯ ಹಿಂದಿನ ಗೋಡೆಗೆ ಬಾರ್ನಿನ ಹಲಗೆ ಬೇಕು ಎಂದರು. ಹಾಕಿಕೊಟ್ಟೆ. ಎರಡನೇ ದಿನ ಫೋನು.

“ಮೌನೇಶ್ ಅವ್ರೇ, ತೂತು ಅದಾವಲ್ರೀ.”

“ಹುಳ ತಿಂದದ್ದು ಸರ್, ಹಳೇ ಮರ.”

“ತೂತು ಇರ್ಲಿ, ಲುಕ್ ಛಲೋ ಅದ. ಆದ್ರ ಹುಳ ತಿಂದಿರಬಾರ್ದು.”

ಅವರ ತಂದೆ ಊರಲ್ಲಿ ಇಂಥದೇ ಹಲಗೆಯನ್ನು ಕಿತ್ತುಹಾಕಿ ಗ್ರಾನೈಟ್ ಹಾಕಿಸಿದ್ದರು. ಅದನ್ನು ಅವರೇ ಹೆಮ್ಮೆಯಿಂದ ಹೇಳಿದರು.

ಕೆಲಸ ಎಂದರೆ ಅಲೆಮಾರಿತನ. ಒಂದು ಹೊಲದಲ್ಲಿ ಮೂರು ವಾರ, ಹೆದ್ದಾರಿಯ ಪಕ್ಕದ ಒಂದು ಮೋಟೆಲ್, ಮತ್ತೆ ಇನ್ನೊಂದು ಹೊಲ. ಮಿಷಿಗನ್, ಇಂಡಿಯಾನಾ, ಇಲಿನಾಯ್. ನಾವು ಮೂವರು: ರೇ, ನಾನು, ಮೆಕ್ಸಿಕೋದ ಹೆಕ್ಟರ್. ಹೆಕ್ಟರ್ ಮಾತಿಗಿಂತ ಹೆಚ್ಚು ಸೀಟಿ ಹೊಡೆಯುತ್ತಿದ್ದ. ನಾವು ಹೋದ ಕಡೆಯಲ್ಲೆಲ್ಲ ಜನರಿಗೆ ಒಂದು ವಿಷಯ ಗೊತ್ತಾಗುತ್ತಿತ್ತು. ನಮ್ಮ ಲಾರಿ ನಿಂತಿದೆ ಎಂದರೆ ಆ ಹೊಲ ಮಾರಾಟವಾಗಿದೆ. ಹದ್ದು ಸುತ್ತುವುದನ್ನು ನೋಡಿದ ಹಾಗೆ ನೋಡುತ್ತಿದ್ದರು.

ರೇ ಕೆಟ್ಟವನಲ್ಲ. ಮುದುಕಿಯರ ಮುಂದೆ ಟೋಪಿ ತೆಗೆಯುವ ಕಲೆ ಅವನಿಗೆ ಗೊತ್ತಿತ್ತು. ಟೋಪಿ ಎದೆಗೆ ಹಿಡಿದು, “ಮ್ಯಾಮ್, ಇದು ಇನ್ನೊಂದು ಕಡೆ ಮತ್ತೆ ಎದ್ದು ನಿಲ್ಲುತ್ತದೆ” ಎಂದನೆಂದರೆ ಬಾರ್ನ್ ನಮ್ಮದು. ಹತ್ತಕ್ಕೆ ಮೂರು ನಿಜವಾಗಿ ನಿಂತವು. ಉಳಿದವು ಹೋಟೆಲುಗಳ ಗೋಡೆಗೆ, ಮೇಜಿಗೆ ಹೋದವು. ಒಮ್ಮೆ ಕೇಳಿದ್ದಕ್ಕೆ ಹೇಳಿದ: “ಗೋಡೆಯಾಗಿ ನಿಂತಿದೆಯಲ್ಲ, ಮಲಗಿದೆಯಾ?”

ಮೊದಮೊದಲು ಪ್ರತಿ ತೊಲೆಗೂ ಉಳಿಯಿಂದ ಗುರುತು ಕೆತ್ತುತ್ತಿದ್ದೆವು. ಆಮೇಲೆ ತಗಡಿನ ಚೀಟಿ ಹೊಡೆದು ಅಂಕಿ, ಮೇಲೆ ಯಾವುದು ಎಂದು ತೋರಿಸುವ ಬಾಣ. ನಾನು ನಿವೃತ್ತಿಯಾದ ವರ್ಷ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಇಡೀ ಬಾರ್ನ್ ತೆರೆಯ ಮೇಲೆ ಗಿರಗಿರ ತಿರುಗುತ್ತಿತ್ತು. ಅದು ತಪ್ಪು ಮಾಡುವುದಿಲ್ಲ ಎಂದು ಹುಡುಗರು ಹೇಳುತ್ತಾರೆ. ನಿಜ. ತಪ್ಪು ಮಾಡಬೇಕಾದರೆ ಏನಾದರೂ ಗೊತ್ತಿರಬೇಕು. ನನಗೆ ಬಹಳ ಗೊತ್ತಿತ್ತು. ಆ ಕಥೆ ಹೇಳುವುದಕ್ಕೇ ಇಷ್ಟೆಲ್ಲ ಬರೆದದ್ದು.

ನಾನು ನಿವೃತ್ತಿಯಾಗುವ ಎರಡು ವರ್ಷ ಮುಂಚಿನ ಮಾತು. ಷಿಕಾಗೋದಿಂದ ಪಶ್ಚಿಮಕ್ಕೆ ಅರವತ್ತು ಮೈಲಿಯ ಮೇಲೆ ನಾರ್ವೆಯಿಂದ ಬಂದವರ ಹಳೆಯ ಹೊಲಗಳಿವೆ. ಒಂದು ಹೊಲದ ಒಡತಿ ಇಂಗ್ರಿಡ್ ಎಂಬ ಎಂಬತ್ತೆಂಟರ ಮುದುಕಿ. ಗಂಡ ಇಲ್ಲ. ಮಗಳು ಷಿಕಾಗೋದ ಪಕ್ಕ ಸ್ಕೋಕಿಯಲ್ಲಿ ಇದ್ದಾಳೆ. ಸುತ್ತಲಿನ ಹೊಲಗಳೆಲ್ಲ ಹೋಗಿ ಗೋದಾಮುಗಳಾಗಿದ್ದವು, ಕಿಟಕಿಯೇ ಇಲ್ಲದ ಬಿಳಿ ಡಬ್ಬಿಗಳು. ಕೊನೆಗೆ ಈಕೆಯೂ ಮಾರಿದಳು. ಬಾರ್ನ್ ಆಕೆಯ ಮುತ್ತಜ್ಜ ಕಟ್ಟಿದ್ದು. ರೇ ಟೋಪಿ ತೆಗೆದ, ಹೇಳುವುದನ್ನು ಹೇಳಿದ. ಆಕೆ ಅವನ ಟೋಪಿಯನ್ನೇ ನೋಡಿ, “ಹಾಕಿಕೋ, ಬಿಸಿಲಿದೆ” ಎಂದಳು.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಆಕೆ ಕಾಫಿ ತರುತ್ತಿದ್ದಳು. ಜೊತೆಗೆ ಕುರ್ಚಿ, ಜೊತೆಗೆ ಒಂದು ಪುಸ್ತಕ. ಬೆನ್ನು ಕಿತ್ತುಹೋದ ದಪ್ಪ ನಾರ್ವೇಜಿಯನ್ ಕಾದಂಬರಿ. ಆಕೆಯ ಅಜ್ಜಿ ಹಡಗಿನಲ್ಲಿ ತಂದದ್ದಂತೆ. ಮನೆ ಖಾಲಿ ಮಾಡುವಾಗ ಸಿಕ್ಕಿದೆ, ಮಗಳಿಗೆ ಆ ಭಾಷೆ ಬಾರದು, ಕೇಳುವವರು ನೀವು ಮಾತ್ರ ಎಂದು ನಾರ್ವೇಜಿಯನ್ ಓದಿಕೊಂಡು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ರೇ ಲಾರಿಯಲ್ಲಿ ನಿದ್ದೆ ಮಾಡುತ್ತಿದ್ದ. ಹೆಕ್ಟರ್ ಮತ್ತು ನಾನು ಕೂತು ಕೇಳಿದೆವು. ಐವತ್ತೊಂಬತ್ತನೆಯ ವಯಸ್ಸಿಗೆ ನಾನು ಕೇಳಿದ ಮೊದಲ ಕಾದಂಬರಿ ಅದು.

ಕಥೆ ಇಬ್ಬರು ಅಲೆಮಾರಿ ಕೆಲಸಗಾರರದು. ಒಬ್ಬ ಬಾವಿ ತೋಡುವವ, ಇನ್ನೊಬ್ಬ ಮಾಳಿಗೆ ರಿಪೇರಿಯವ. ಹೆಸರು ನಮ್ಮ ಬಾಯಲ್ಲಿ ತಿರುಗಲಿಲ್ಲ, ಉದ್ದಾನವ, ಗಿಡ್ಡಾನವ ಎಂದು ಇಟ್ಟುಕೊಂಡೆವು. ಸಮುದ್ರದ ದಂಡೆಯ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಾರೆ, ಕೆಲಸ ಮಾಡುತ್ತಾರೆ, ಉಣ್ಣುತ್ತಾರೆ, ಯಾರಾದರೊಬ್ಬ ಹೆಂಗಸಿನ ಮೇಲೆ ಮನಸ್ಸು ಇಟ್ಟು ಹೊರಡುತ್ತಾರೆ. ನಾಲ್ಕು ವರ್ಷ ಬಿಟ್ಟು ಅದೇ ದಾರಿಯಲ್ಲಿ ಬಂದರೆ ಹಳ್ಳಿಗೆ ಒಂದು ಅಂಗಡಿ ಬಂದಿರುತ್ತದೆ. ಜನ ಬಟಾಟೆ ಬೆಳೆಯುವುದು ಬಿಟ್ಟು ಅಂಗಡಿಯಿಂದ ಬಟಾಟೆ ಕೊಳ್ಳುತ್ತಾರೆ. ಇನ್ನೂ ನಾಲ್ಕು ವರ್ಷಕ್ಕೆ ಅಂಗಡಿಯವನೂ ಅಮೆರಿಕಕ್ಕೆ ಹೋಗಿರುತ್ತಾನೆ.

ನನಗೆ ಕಥೆ ಹಿಡಿಸಿತು, ಬರೆದವನು ಹಿಡಿಸಲಿಲ್ಲ.

“ಮ್ಯಾಮ್, ಈ ಉದ್ದಾನವ ಬಂಡೆಯೊಳಗೆ ಎರಡು ದಿನದಾಗ ಬಾವಿ ತೋಡ್ಯಾನ ಅಂತೀರಿ. ಆಗೂದಿಲ್ಲ.”

“ಪುಸ್ತಕದಲ್ಲಿ ಹಾಗಿದೆ, ಮೋ.”

“ಬರದಾಂವ ಕೈಯಾಗ ಹಾರಿ ಗುದ್ದಲಿ ಹಿಡಿದವ ಅಲ್ಲ. ಎಂಟು ದಿನ ಬೇಕು.”

“ಬರೆದವನು ಸತ್ತು ಬಹಳ ವರ್ಷವಾಯಿತು. ಹೋಗಿ ಹೇಳುತ್ತೀಯಾ?”

“ಅವಸರ ಇಲ್ಲ” ಎಂದೆ. ಆಕೆ ಕಾಫಿ ಚೆಲ್ಲುವ ಹಾಗೆ ನಕ್ಕಳು. ಮರುದಿನದಿಂದ ಎಲ್ಲೆಲ್ಲಿ ಕೆಲಸದ ಮಾತು ಬರುತ್ತದೋ ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ತಲೆ ಅಲ್ಲಾಡಿಸಿದರೆ ಮುಂದಕ್ಕೆ, ಇಲ್ಲವಾದರೆ ಅಲ್ಲಿಯೇ ತಿದ್ದುಪಡಿ. ಹೀಗೆ ಏಳನೇ ಇಯತ್ತೆಯವನೊಬ್ಬ ನಾರ್ವೆಯ ಸಾಹಿತ್ಯವನ್ನು ತಿದ್ದಿದ.

ಎರಡನೆಯ ವಾರದಲ್ಲಿ ಒಂದು ಪ್ರಕರಣ ಬಂತು. ಉದ್ದಾನವ ಒಬ್ಬ ವಿಧವೆಗೆ ಬಾವಿ ತೋಡಿಕೊಟ್ಟು, ಇದು ಬತ್ತುವುದಿಲ್ಲ ಎಂದು ಮಾತು ಕೊಡುತ್ತಾನೆ. ಬೇಸಿಗೆಗೆ ಬಾವಿ ಬತ್ತುತ್ತದೆ. ಅವನು ಆಗ ಮೂರು ಕಣಿವೆ ಆಚೆ, ಇನ್ನೊಬ್ಬಳಿಗೆ ಅದೇ ಮಾತು ಕೊಡುತ್ತಿರುತ್ತಾನೆ. ಇಂಗ್ರಿಡ್ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು ಅರ್ಧ ಬಿಚ್ಚಿದ ಬಾರ್ನ್ ನೋಡಿದಳು. “ಅಲೆಯುವವರ ಮಾತು ಅಷ್ಟೇ. ನಿಮ್ಮ ಮಾಲೀಕನೂ ಅದನ್ನೇ ಹೇಳಿದ. ಮತ್ತೆ ನಿಲ್ಲುತ್ತದೆಯಂತೆ.”

ನನಗೆ ಸಿಟ್ಟು ಬಂತು. ಬಾವಿ ತೋಡಲು ಬಾರದ ಒಬ್ಬನ ಸಾಲಿನಲ್ಲಿ ನನ್ನನ್ನು ಕೂಡಿಸಿದಳಲ್ಲ ಎಂದು. “ನಾ ಆ ಉದ್ದಾನವ ಅಲ್ಲ ಮ್ಯಾಮ್. ಇದು ನಿಲ್ಲತದ. ಹೆಂಗ ಇತ್ತೋ ಹಂಗ. ನಿಮ್ಮನ್ನ ಕರಕೊಂಡು ಹೋಗಿ ತೋರಸ್ತೀನಿ.”

“ಮಾಲೀಕನ ಮಾತೋ, ನಿನ್ನದೋ?”

“ನಂದು.”

ಹೆಕ್ಟರ್ ಸೀಟಿ ನಿಲ್ಲಿಸಿದ. ಅಂದು ಸಂಜೆ ಲಾರಿಯಲ್ಲಿ ಅವನೇ ನನಗೆ ಹೇಳಿದ್ದು: ರೇ ಈ ಬಾರ್ನನ್ನು ಡೆಟ್ರಾಯಿಟ್‌ನ ಒಂದು ಹೋಟೆಲ್ ಕಟ್ಟುವವನಿಗೆ ಆಗಲೇ ಒಪ್ಪಿಸಿಬಿಟ್ಟಿದ್ದಾನೆ. ಹಲಗೆ ಗೋಡೆಗೆ, ಕಂಬ ತೊಲೆ ಸೀಳಿ ಮೇಜಿಗೆ.

ರೇಯನ್ನು ಕೇಳಿದೆ. ಅವನು ಆಶ್ಚರ್ಯದಿಂದ ನೋಡಿದ. “ಮಾತು ಕೊಡು ಎಂದು ನಿನಗೆ ಯಾರು ಹೇಳಿದರು? ಅದು ನನ್ನ ಕೆಲಸ.”

“ನೀ ಕೊಟ್ಟ ಮಾತನ್ನ ಯಾರೂ ನಂಬೂದಿಲ್ಲ, ಅದಕ್ಕ ನಡೀತದ. ನಂದು ಆಕಿ ನಂಬ್ಯಾಳ.”

ಅವನಿಗೆ ನಗು ಬಂತು, ಪುಣ್ಯ. ಇಡೀ ಬಾರ್ನ್ ಹಾಗೆಯೇ ಬೇಕು ಎನ್ನುವ ಗಿರಾಕಿಯನ್ನು ನಾನೇ ಹುಡುಕಿ ತಂದರೆ ಹೋಟೆಲಿಗೆ ಬೇರೆ ಬಾರ್ನ್ ಕೊಡುತ್ತೇನೆ ಎಂದ. ಒಂದು ತಿಂಗಳ ಗಡುವು. ಅಲ್ಲಿಯವರೆಗೆ ಮರ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ. ಹೊರಡುವ ದಿನ ಮುದುಕಿಗೆ ಏನನ್ನೂ ಹೇಳಲಿಲ್ಲ. ಕಾದಂಬರಿ ಇನ್ನೂ ನೂರು ಪುಟ ಉಳಿದಿತ್ತು, ಆಕೆ ಅದನ್ನು ಮಗಳ ಕಾರಿನಲ್ಲಿ ಇಟ್ಟುಕೊಂಡು ಸ್ಕೋಕಿಗೆ ಹೋದಳು.

ದನ ಇಲ್ಲದವರಿಗೆ ದನದ ಕೊಟ್ಟಿಗೆ ಮಾರುವುದು ಹೇಗೆ ಎಂದು ಮೂರು ವಾರ ತಲೆ ಕೆಡಿಸಿಕೊಂಡೆ. ಯಾರನ್ನು ಕೇಳಿದರೂ ತಮ್ಮ ಸಬ್‌ಡಿವಿಜನ್ ಬಡಾವಣೆಯ ನಿಯಮ ಓದಿ ಹೇಳುತ್ತಿದ್ದರು. ಬೇಲಿಯ ಬಣ್ಣ ಬದಲಿಸಲೂ ಅರ್ಜಿ ಹಾಕಬೇಕಾದ ಕಡೆ ಬಾರ್ನ್ ಎಲ್ಲಿ ನಿಲ್ಲಿಸುತ್ತಾರೆ. ಆಮೇಲೆ ನೋವೈಯ ದೇವಸ್ಥಾನದ ಊಟದ ಸಾಲಿನಲ್ಲಿ ಶೋಭಾ ಡಾಕ್ಟರು ಸಿಕ್ಕರು. ಗಂಡ ಹೆಂಡತಿ ಇಬ್ಬರೂ ಡಾಕ್ಟರು, ಧಾರವಾಡದವರು, ನೋವೈಯಿಂದ ಆಚೆ ಹತ್ತು ಎಕರೆಯಲ್ಲಿ ಮನೆ. ನನ್ನನ್ನು ಅಣ್ಣಾ ಎನ್ನುತ್ತಾರೆ. ಅವರ ಮುಖ ಬಾಡಿತ್ತು.

“ಮೌನೇಶಣ್ಣ, ನಮ್ಮ ಮೇಘಾಗ ಲಗ್ನ ಗೊತ್ತಾತು. ಹುಡುಗಿ ಏನಂತಾಳ ಗೊತ್ತದೇನು? ಬಾರ್ನ್ ವೆಡ್ಡಿಂಗ್ ಬೇಕಂತ. ನಮ್ಮಪ್ಪ ನನ್ನ ಸಗಣಿ ಬಳಿಯೂದರಿಂದ ಬಿಡಿಸಿ ಡಾಕ್ಟರ್ ಓದಿಸಿದ್ರು. ಇಕಿ ದನದ ಕೊಟ್ಟಿಗ್ಯಾಗ ತಾಳಿ ಕಟ್ಟಿಸ್ಕೋತಾಳಂತ.”

ಪಕ್ಕದಲ್ಲಿದ್ದ ಮೇಘಾ ಫೋನಿನಿಂದ ತಲೆ ಎತ್ತದೆ, “ಅಮ್ಮಾ, ಇಟ್ಸ್ ರಸ್ಟಿಕ್” ಎಂದಳು.

“ಕೇಳ್ರಿ. ಅದೂ ಬಾಡಿಗಿಗೆ ಸಿಗವಲ್ದು. ದನದ ಕೊಟ್ಟಿಗಿಗೆ ಒಂದೂವರಿ ವರ್ಷದ ವೇಟಿಂಗ್ ಲಿಸ್ಟ್.”

ನಾನು ತಟ್ಟೆ ಕೆಳಗಿಟ್ಟೆ. “ಬಾಡಿಗಿ ಯಾಕ ತಂಗಿ. ನಿಮ್ಮ ಹತ್ತು ಎಕರೇದಾಗ ಒಂದು ನಿಲ್ಲಿಸಿ ಕೊಡ್ತೀನಿ.”

ಮೇಘಾ ಫೋನಿನಿಂದ ತಲೆ ಎತ್ತಿದಳು.

ಹಾಗೆ ಗಿರಾಕಿ ಸಿಕ್ಕಿತು. ಶೋಭಾ ಅವರ ಗಂಡ ಡಾಕ್ಟರ್ ಸಾಹೇಬರು ಲೆಕ್ಕಾಚಾರದ ಮನುಷ್ಯರು, ಮದುವೆಯಾದ ಮೇಲೆ ಬ್ಯಾಡ್ಮಿಂಟನ್ ಆಡಬಹುದು ಎಂದು ಒಪ್ಪಿದರು. ಟೌನ್‌ಶಿಪ್‌ನವರ ಪರವಾನಗಿ ಬಂತು, ತಳಪಾಯ ಹಾಕಿಸಿದರು, ಏಳು ತಿಂಗಳ ಮೇಲೆ ನಾವು ಮರ ಸಾಗಿಸಿದೆವು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಗುರುತಿನ ಚೀಟಿ ಹೊಡೆಯುವುದು ಯಾವಾಗಲೂ ನನ್ನ ಪಾಲಿನ ಕೆಲಸ. ಇಂಗ್ರಿಡ್‌ಳ ಬಾರ್ನಿನ ನಡುವೆ, ಅಟ್ಟದ ದೊಡ್ಡ ತೊಲೆಯನ್ನು ಹೊತ್ತ ನಾಲ್ಕು ಓಕ್ ಕಂಬಗಳಿದ್ದವು. ಬಾರ್ನ್ ಬಿಚ್ಚುವ ಮೊದಲು ಚೀಟಿ ಹೊಡೆಯುವಾಗ ಮರದ ಎಳೆ ನೋಡಿದೆ. ನಾಲ್ಕೂ ತಲೆಕೆಳಗು. ಬುಡ ಮೇಲೆ, ತುದಿ ಕೆಳಗೆ. ನಮ್ಮ ಬಡಿಗರಲ್ಲಿ ಇದಕ್ಕಿಂತ ದೊಡ್ಡ ಅಪಚಾರ ಇಲ್ಲ. ಮರ ಹೇಗೆ ಬೆಳೆದಿತ್ತೋ ಹಾಗೆಯೇ ಕಂಬ ನಿಲ್ಲಬೇಕು. ತಲೆಕೆಳಗೆ ನಿಲ್ಲಿಸಿದರೆ ಮನೆತನ ಬುಡಮೇಲಾಗುತ್ತದೆ. ಅಪ್ಪ ನನಗೆ ಉಳಿ ಹಿಡಿಯಲು ಕಲಿಸುವ ಮೊದಲು ಬುಡ ಯಾವುದು ತುದಿ ಯಾವುದು ಎಂದು ಗುರುತಿಸಲು ಕಲಿಸಿದ್ದ.

ಪಾಪ, ಬಿಳಿಯರು, ಗೊತ್ತಾಗಿಲ್ಲ ಎಂದುಕೊಂಡೆ. ಆ ಮುದುಕಿಯ ವಂಶ ಒಂದೇ ಮಗಳಿಗೆ ಬಂದು ನಿಂತದ್ದು ಯಾಕೆ ಎಂಬುದೂ ನನಗೆ ತಿಳಿದುಹೋಯಿತು. ಕಂಬಗಳ ಎರಡೂ ತುದಿಗೆ ಕಂಡಿಯಲ್ಲಿ ಕೂರಲೆಂದು ಕೆತ್ತಿದ ನಾಲಿಗೆ ಒಂದೇ ಅಳತೆಯದು, ಹೇಗೆ ನಿಲ್ಲಿಸಿದರೂ ಕೂರುತ್ತವೆ. ಆದ್ದರಿಂದ ಆ ನಾಲ್ಕರ ಬಾಣವನ್ನು ಸರಿಯಾದ ಕಡೆಗೆ, ಎಂದರೆ ನಮ್ಮ ಪ್ರಕಾರ ಸರಿಯಾದ ಕಡೆಗೆ, ತಿರುಗಿಸಿ ಹೊಡೆದೆ. ಹೆಕ್ಟರ್‌ಗೂ ಹೇಳಲಿಲ್ಲ. ಶೋಭಾ ಡಾಕ್ಟರಿಗೆ ಮಾತ್ರ ಆಮೇಲೆ ಹೇಳಿದೆ. ಮಗಳ ಮದುವೆ ನಡೆಯುವ ಜಾಗ, ತಲೆಕೆಳಗಿನ ಕಂಬ ಇದ್ದವು, ನಾನು ಸರಿಪಡಿಸಿದೆ ಎಂದು. ಅವರು ಕೈ ಮುಗಿದರು. ನಾನು ಹಿಗ್ಗಿದೆ.

ಮೂರು ದಿನದಲ್ಲಿ ಬಾರ್ನ್ ಎದ್ದಿತು. ಕ್ರೇನು ಹೋಯಿತು. ಮದುವೆಗೆ ಇನ್ನೂ ಎರಡು ವಾರ ಇತ್ತು. ಕೊಟ್ಟ ಮಾತಿನ ಪ್ರಕಾರ ಸ್ಕೋಕಿಗೆ ಫೋನು ಮಾಡಿದೆ. ಇಂಗ್ರಿಡ್ ಮಗಳ ಜೊತೆ ನೋವೈಯ ಹೋಟೆಲಿನಲ್ಲಿ ಇಳಿದುಕೊಂಡು ಮರುದಿನ ಬೆಳಿಗ್ಗೆ ಬಂದಳು. ಎಂಬತ್ತೊಂಬತ್ತಾಗಿತ್ತು, ಕೋಲು ಹಿಡಿದಿದ್ದಳು. ಹೊರಗೆ ನಿಂತು ಸೂರಿನ ಇಳುಕಲು ನೋಡಿದಳು, ಬಾಗಿಲು ಮುಟ್ಟಿದಳು, ಒಳಗೆ ಬಂದಳು. ರೇ ಟೋಪಿ ತೆಗೆದು ಸಿದ್ಧನಾಗಿ ನಿಂತಿದ್ದ. ನಾನು ಕೈಕಟ್ಟಿ ನಿಂತೆ. ಹೊಗಳಿಕೆ ಸ್ವೀಕರಿಸುವಾಗ ಹೇಗೆ ನಿಲ್ಲಬೇಕೋ ಹಾಗೆ.

ಆಕೆ ನಡುವಿನ ಕಂಬದ ಹತ್ತಿರ ಹೋಗಿ ಸೊಂಟದ ಎತ್ತರದಲ್ಲಿ ಕೈ ಇಟ್ಟಳು. ಕೈ ಸವರಿದಳು. ಇನ್ನೊಂದು ಕಂಬಕ್ಕೆ ಹೋಗಿ ಅಲ್ಲಿಯೂ ಸವರಿದಳು. ಆಮೇಲೆ ತಲೆ ಎತ್ತಿ ಮೇಲೆ ನೋಡಿದಳು. ನನ್ನ ಕಡೆ ತಿರುಗಿ ಹೇಳಿದಳು: “ಮೋ, ನಮ್ಮ ಆಕಳು ಅಷ್ಟು ಎತ್ತರ ಇರಲಿಲ್ಲ.”

ನಾನೂ ಮೇಲೆ ನೋಡಿದೆ. ಅಟ್ಟದ ತೊಲೆಗೆ ಎರಡು ಮೂರು ಅಡಿ ಕೆಳಗೆ, ನಾಲ್ಕೂ ಕಂಬದ ಮೇಲೆ ಕನ್ನಡಿಯಂಥ ನುಣುಪು. ನೂರಾರು ದನ ತಲೆಮಾರುಗಟ್ಟಲೆ ಮೈ ತಿಕ್ಕಿದ ಜಾಗ. ಅದು ನಮ್ಮ ತಲೆಯ ಮೇಲೆ ಹೊಳೆಯುತ್ತಿತ್ತು. ಮರದ ಎಳೆ ಓದಿದವನು ಆ ಹೊಳಪನ್ನು ಕಂಡಿರಲಿಲ್ಲ. ಕಂಡಿದ್ದೆ, ಲೆಕ್ಕಕ್ಕೆ ಹಿಡಿದಿರಲಿಲ್ಲ.

ರೇ ಚೀಟಿಯ ಬಾಣ ನೋಡಿದ, ನನ್ನ ಮುಖ ನೋಡಿದ. ಸುಳ್ಳು ಹೇಳಲು ಒಂದು ಗಳಿಗೆ ಇತ್ತು. ಅಷ್ಟರಲ್ಲಿ ಶೋಭಾ ಡಾಕ್ಟರು ಚಹಾ ತಂದು ಅವರೇ ಸಂತೋಷದಿಂದ ಹೇಳಿಬಿಟ್ಟರು, ಕಂಬಗಳು ತಲೆಕೆಳಗಿದ್ದವು, ಮೌನೇಶಣ್ಣ ಸರಿ ಮಾಡಿದರು ಎಂದು.

“ತಲೆಕೆಳಗು ಎಂದರೆ?” ಇಂಗ್ರಿಡ್ ಕೇಳಿದಳು.

ನಾನೇ ಹೇಳಿದೆ. ನಮ್ಮ ಪದ್ಧತಿ, ಬುಡ, ತುದಿ, ಮನೆತನ, ಎಲ್ಲ. ಆಕೆ ಪೂರ್ತಿ ಕೇಳಿದಳು.

“ಮುತ್ತಜ್ಜನಿಗೆ ಬುಡ ಗೊತ್ತಿತ್ತು. ಬೇಕೆಂದೇ ಹಾಗೆ ನಿಲ್ಲಿಸಿದ. ಮರ ಬುಡದಿಂದ ತುದಿಗೆ ನೀರು ಕುಡಿಯುತ್ತದೆ. ತಿರುಗಿಸಿ ನಿಲ್ಲಿಸಿದರೆ ನೆಲದ ತೇವ ಮೇಲೆ ಹತ್ತುವುದಿಲ್ಲ, ಕಂಬ ಕೊಳೆಯುವುದಿಲ್ಲ. ಬೇಲಿಯ ಕಂಬವನ್ನೂ ಹಾಗೆಯೇ ನೆಡುತ್ತಿದ್ದರು.”

ಅವರದು ಖರೆಯೋ ನಮ್ಮದು ಖರೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಕಂಬಗಳ ಕೆಳತುದಿ ಕೊಳೆತಿರಲಿಲ್ಲ, ಅದನ್ನು ನಾನೇ ಬಿಚ್ಚಿ ನೋಡಿದ್ದೆ.

ರೇ ಟೋಪಿ ತಿರುಗಿಸುತ್ತ, “ಮ್ಯಾಮ್, ಗಟ್ಟಿಯಾಗಂತೂ ನಿಂತಿದೆ” ಎಂದ. ಮಗಳು, “ಮಾಮ್, ಪರವಾಗಿಲ್ಲ ಬಿಡು” ಎಂದಳು. ಇಂಗ್ರಿಡ್ ನನ್ನನ್ನೇ ನೋಡಿದಳು. ಹೆಂಗ ಇತ್ತೋ ಹಂಗ ಎಂದು ನಾನೇ ಅಂದದ್ದು.

“ತಿರುಗಿಸ್ತೀನಿ” ಎಂದೆ.

ಈಗ ಆಕೆ, ಬೇಡ ಮೋ, ಇರಲಿ ಎನ್ನುತ್ತಾಳೆ ಎಂದು ಕಾಯ್ದೆ. ದೊಡ್ಡವರು ಹಾಗೆ ಅನ್ನುವುದು ವಾಡಿಕೆ. ಆಕೆ ಕೇಳಿದಳು, “ಎಷ್ಟು ದಿನ?”

“ನಾಲ್ಕು.”

“ಹಾಗಾದರೆ ಶುಕ್ರವಾರದವರೆಗೆ ಹೋಟೆಲಿನಲ್ಲಿ ಇರುತ್ತೇವೆ.” ಮಗಳ ಮುಖ ನೋಡಬೇಕಿತ್ತು.

ಅವರು ಹೋದ ಮೇಲೆ ಶೋಭಾ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣಲ್ಲಿ ನೀರಿತ್ತು. “ಅಣ್ಣಾ, ತಲೆಕೆಳಗಿನ ಕಂಬದ ನಡುವ ನನ್ನ ಮಗಳಿಗೆ ಅಕ್ಷತಿ ಹಾಕಂತೀರೇನು? ನೀವ ಹೇಳಿದ್ರಿ ಅಪಚಾರ ಅಂತ.”

ಹೌದು, ನಾನೇ ಹೇಳಿದ್ದೆ. ಅವರು ಕೇಳದಿದ್ದರೂ ಹೋಗಿ ಹೇಳಿದ್ದೆ. “ತಂಗಿ, ಹೇಳಿದ್ದು ಹೌದು. ಆದ್ರ ಈ ಕೊಟ್ಟಿಗಿ ನಾಲ್ಕು ತಲೆಮಾರು ಹಂಗ ನಿಂತಿತ್ತು. ಆಕಿಗೆ ಎಂಬತ್ತೊಂಬತ್ತು, ಕೋಲು ಹಿಡಕೊಂಡು ಕಂಬ ನೋಡಾಕ ಬರ್ತಾಳ. ಬುಡಮೇಲಾದ ಮನೆತನ ಹಿಂಗ ಇರ್ತದೇನು?”

“ನಿಮಗ ಹೆದರಿಕಿ ಇಲ್ಲೇನು?”

“ಅದ. ನನ್ನ ಅಪ್ಪ ಇದ್ದಿದ್ರ ಕೊಡತಿ ತಗೊಂಡು ಬೆನ್ನಟ್ಟತಿದ್ದ. ಆದ್ರ ಆಕಿಗೆ ಮಾತು ಕೊಟ್ಟಾಂವ ನಾನು.”

ಮೇಘಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಅಮ್ಮಾ, ಜಸ್ಟ್ ಲೆಟ್ ಹಿಮ್ ಫಿಕ್ಸ್ ಇಟ್. ಇಟ್ಸ್ ಹರ್ ಬಾರ್ನ್” ಎಂದಳು. ಶೋಭಾ ಡಾಕ್ಟರು ಮೂಗು ಒರೆಸಿಕೊಂಡು, ಹಾಗಿದ್ದರೆ ನಾಲ್ಕೂ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೇನೆ, ಆಮೇಲೆ ಏನಾದರೂ ಮಾಡಿಕೊಳ್ಳಿರಿ ಎಂದರು. ಒಡೆದರು. ಹೆಕ್ಟರ್ ಅರ್ಧ ಕಾಯಿ ತಿಂದ.

ಅಟ್ಟದ ಭಾರವೆಲ್ಲ ಮೇಲಿರುವಾಗ ಕಂಬ ತಿರುಗಿಸುವುದು ಹೊಸಬರು ಮಾಡುವ ಕೆಲಸ ಅಲ್ಲ, ಹಳಬರೂ ಮಾಡಬಾರದು. ಎರಡು ಪಕ್ಕಕ್ಕೆ ಜಾಕಿ ಇಟ್ಟು, ಅದರ ಮೇಲೆ ದಪ್ಪ ಮರ ನಿಲ್ಲಿಸಿ, ತೊಲೆಯನ್ನು ಕೂದಲೆಳೆ ಕೂದಲೆಳೆಯಾಗಿ ಎತ್ತಬೇಕು. ಕಂಬದ ನಾಲಿಗೆ ಕಂಡಿಯಿಂದ ಬಿಡುವಷ್ಟು ಮಾತ್ರ. ಮರ ಮಾತಾಡುತ್ತದೆ. ಟಿಕ್ ಎಂದರೆ ನಿಲ್ಲಿಸಬೇಕು, ಕಿರ್ರ್ ಎಂದರೆ ಓಡಬೇಕು. ದಿನಕ್ಕೆ ಒಂದೇ ಕಂಬ. ಅದು ನನ್ನ ತಪ್ಪು, ನನ್ನ ರಜೆಯಲ್ಲಿ ಮಾಡಿದೆ. ಹೆಕ್ಟರ್ ಕರೆಯದೆ ಬಂದ. ಮೂರನೆಯ ದಿನ ರೇಯೂ ಬಂದು ಟೋಪಿ ಹಿಂದುಮುಂದಾಗಿ ಹಾಕಿಕೊಂಡು ಜಾಕಿ ಹಿಡಿದ. ಅವನು ಕೈ ಹೊಲಸು ಮಾಡಿಕೊಂಡದ್ದನ್ನು ನಾನು ಹತ್ತು ವರ್ಷದಲ್ಲಿ ನೋಡಿರಲಿಲ್ಲ. “ಒಂದಾದರೂ ನಿಜವಾಗಿ ನಿಲ್ಲಲಿ” ಎಂದು ಗೊಣಗಿದ. ಮೂರನೆಯ ಕಂಬ ಇಳಿಸುವಾಗ ನನ್ನ ಎಡಗೈಯ ಕಿರುಬೆರಳು ಸಿಕ್ಕಿತು. ಅದು ಈಗಲೂ ಮಡಚುವುದಿಲ್ಲ. ಗರಾಜಿಗೆ ಬರುವ ಇಂಜಿನಿಯರುಗಳು ಅದನ್ನು ಅನುಭವದ ಗುರುತು ಎಂದು ನೋಡುತ್ತಾರೆ. ಅದು ಚೀಟಿ ತಪ್ಪು ಹೊಡೆದವನ ಗುರುತು.

ನಿಮಗೆ ಹೇಳುವುದು ಇಷ್ಟೇ. ನಿಮಗೆ ಗೊತ್ತಿರುವುದನ್ನು ಕಟ್ಟಿದವನ ಮೇಲೆ ಹೇರಬೇಡಿ. ಅವನು ತಪ್ಪಿದ್ದಾನೆ ಅನಿಸಿದರೆ ಮೊದಲು ಒಡೆಯರನ್ನು ಕೇಳಿ. ಒಡೆಯರು ಇಲ್ಲದಿದ್ದರೆ ದನ ಎಲ್ಲಿ ಮೈ ತಿಕ್ಕಿದೆ ನೋಡಿ.

ಶುಕ್ರವಾರ ಬೆಳಿಗ್ಗೆ ಇಂಗ್ರಿಡ್ ಬಂದಳು. ಬಾಗಿಲಲ್ಲಿ ಕೋಲನ್ನು ಮಗಳ ಕೈಗೆ ಕೊಟ್ಟು ಒಬ್ಬಳೇ ಒಳಗೆ ನಡೆದಳು. ಮದುವೆಯ ಕುರ್ಚಿಗಳು ಆಗಲೇ ಬಂದು ಒಂದು ಮೂಲೆಯಲ್ಲಿ ಒಟ್ಟಿದ್ದವು, ಆಕೆ ಆ ಕಡೆ ನೋಡಲಿಲ್ಲ. ಮೊದಲ ಕಂಬದ ಹತ್ತಿರ ಬಂದು, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ, ಕೈ ಚಾಚಿದಳು. ನಮ್ಮ ಮನೆಯ ಲೈಟಿನ ಸ್ವಿಚ್ಚಿಗೆ ನಾವು ಕೈ ಚಾಚುವ ಹಾಗೆ. ಕೈ ನೇರ ನುಣುಪಿನ ಮೇಲೆ ಹೋಗಿ ಕೂತಿತು.

“ಡಾಗ್ನಿ” ಎಂದಳು.

ಆಕಳ ಹೆಸರು ಎಂದು ನನಗೆ ಎರಡನೆಯ ಕಂಬಕ್ಕೆ ತಿಳಿಯಿತು. ಅಲ್ಲಿ ನಿಂತು, “ಸ್ಟಾರ್” ಎಂದಳು. ಮೂರನೆಯದಕ್ಕೆ ಎರಡು ಹೆಸರು ಹೇಳಿದಳು, ತಾಯಿ ಮಗಳು ಇರಬೇಕು. ರೇ ಬಾಗಿಲ ಹತ್ತಿರವೇ ನಿಂತಿದ್ದ, ಈ ಸಲ ಟೋಪಿ ತೆಗೆಯುವುದನ್ನು ಮರೆತಿದ್ದ. ಹೊರಗೆ ಶೋಭಾ ಡಾಕ್ಟರು ಯಾರಿಗೋ ಫೋನಿನಲ್ಲಿ ಹೂವಿನ ಲೆಕ್ಕ ಹೇಳುತ್ತಿದ್ದರು.

ನಾಲ್ಕನೆಯ ಕಂಬಕ್ಕೆ ಆಕೆ ನೇರವಾಗಿ ಹೋಗಲಿಲ್ಲ. ನಾಲ್ಕು ಹೆಜ್ಜೆ ದೂರದಿಂದಲೇ ಸುತ್ತು ಹಾಕಿಕೊಂಡು ಇನ್ನೊಂದು ಪಕ್ಕದಿಂದ ಬಂದಳು. ನಾನು ಈಚೆ ನಿಂತಿದ್ದೆ. ನನ್ನನ್ನು ನೋಡಿ ಕೈಸನ್ನೆಯಿಂದ, ಪಕ್ಕಕ್ಕೆ ಸರಿ, ಅಲ್ಲಿ ನಿಲ್ಲಬೇಡ ಎಂದಳು.

“ಬ್ರಿಟಾ,” ಎಂದು ಕಂಬ ತಟ್ಟಿದಳು. “ಇವಳು ಒದೆಯುತ್ತಿದ್ದಳು.”

ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.